ಉಪ್ಪಾಗೆ ಗಿಡ ಎಬ್ಬಿಸಿದ ಕತೆ

ನಮ್ಮ ಅಡಕೆ ತೋಟದ ನೆತ್ತಿಗೆ ಇರುವ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ಕಾಲಕ್ಕೆ ಉಪ್ಪಾಗೆ ಮರಗಳು ಬೇಕಾದಷ್ಟಿದ್ದವಂತೆ. ನಾನು ತೋಟದ ಕೆಲಸಕ್ಕೆ ಕೈಹಾಕುವ ಹೊತ್ತಿಗೆ ಉಳಿದಿದ್ದು ಬೆರಳೆಣಿಕೆಯಷ್ಟು. ಅವುಗಳಲ್ಲೂ ಕೆಲವಕ್ಕೆ ಒಂದು ಪಕ್ಕದ ಟೊಂಗೆಯೇ ಇರಲಿಲ್ಲ. ಕಾಯಿ ಕೊಯ್ಯೋಕೆ ಮರ ಹತ್ತಿದವರು ಟೊಂಗೆಯನ್ನೇ ಕಡಿದು ಕೆಳಗೆ ಹಾಕಿದ್ದರು. ಆ ಜಾಗಕ್ಕೆ ಮತ್ತೆ ಉಪ್ಪಾಗೆ ತರಬೇಕು, ಜೊತೆಗೆ ತೋಟದ ಅಂಚಿಗೂ ಒಂದಿಷ್ಟು ಹಾಕಬೇಕು ಅಂತ ಹೊರಟೆ. ಬೀಜದಿಂದ ಹಿಡಿದು ಕಾಯಿ ಒಣಗಿಸುವವರೆಗೆ ಏನೇನು ಆಯ್ತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಉಪ್ಪಾಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಶ್ರೀಲಂಕಾದಲ್ಲೂ ಇದೆ. ಹೆಸರು ಗಾರ್ಸೀನಿಯಾ ಗಮ್ಮಿ-ಗುಟ್ಟಾ, ಹಳೆಯ ಪುಸ್ತಕಗಳಲ್ಲಿ ಗಾರ್ಸೀನಿಯಾ ಕಾಂಬೋಜಿಯಾ. ನಮ್ಮ ಮುರುಗಲು, ಅಂದರೆ ಕರಾವಳಿಯವರ ಪುನರ್ಪುಳಿ, ಇದರ ಹತ್ತಿರದ ಸಂಬಂಧಿ. ಪೇಟೆಯಲ್ಲಿ ಸಿಗುವ ಮ್ಯಾಂಗೋಸ್ಟೀನ್ ಕೂಡ ಇದೇ ಕುಲದ್ದು. ಎಲೆ ಎದುರುಬದುರು, ದಪ್ಪ, ಕಡು ಹಸಿರು, ಹೊಳಪು ಜಾಸ್ತಿ. ಎಳೆ ಕಡ್ಡಿ ಮುರಿದರೆ ಹಳದಿ ಅಂಟು ಬರುತ್ತದೆ. ಕಾಡಿನಲ್ಲಿ ಹಳ್ಳದ ಬದಿಗೆ, ಮಣ್ಣಿನಲ್ಲಿ ಸದಾ ತಂಪಿರುವ ಕಡೆ ಚೆನ್ನಾಗಿ ಬರುತ್ತದೆ. ಕಾಯಿ ಉದ್ದಕ್ಕೆ ಗೆರೆ ಕೊರೆದ ಪುಟ್ಟ ಕುಂಬಳಕಾಯಿ ಥರ ಇರುತ್ತದೆ, ಹಣ್ಣಾದಾಗ ಹಳದಿ. ಸಿಪ್ಪೆ ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ ಸಿಪ್ಪೆ. ಕೊಡಗಿನವರು ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಗೆ ಮಾಡಿ ಕಾಚಂಪುಳಿ ಮಾಡುತ್ತಾರೆ. ಪಂದಿ ಕರಿಗೆ ಅದು ಬೇಕೇ ಬೇಕು. ನಮ್ಮ ಕಡೆ ಬೀಜದಿಂದ ತುಪ್ಪ ತೆಗೆಯುವ ರೂಢಿಯಿದೆ. ಅದರ ವಿಷಯ ಮುಂದೆ ಬರುತ್ತದೆ.

ಮರಗಳು ಯಾಕೆ ಕಡಿಮೆಯಾದವು ಅನ್ನೋದನ್ನೂ ಹೇಳಬೇಕು. 1990ರ ದಶಕದಲ್ಲಿ ಒಣ ಸಿಪ್ಪೆಗೆ ಒಮ್ಮೆಲೇ ಬೆಲೆ ಬಂತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಹೊರದೇಶಗಳಲ್ಲಿ ಮಾತ್ರೆ ಮಾಡಿ ಮಾರತೊಡಗಿದರು. ಇಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳಲ್ಲಿ ಪೈಪೋಟಿ ಶುರುವಾಯಿತು. ಕಾಡಿನ ಮರಕ್ಕೆ ಯಜಮಾನ ಯಾರು ಹೇಳಿ? ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಅನ್ನೋ ಲೆಕ್ಕ. ಹಣ್ಣಾಗುವ ಮೊದಲೇ, ಬೀಜ ಬಲಿಯುವ ಮೊದಲೇ ಕಾಯಿ ಇಳಿಯಿತು. ಮಳೆಗಾಲದಲ್ಲಿ ಬಿಸಿಲಿಲ್ಲದ ಕಾರಣ ಸಿಪ್ಪೆ ಒಣಗಿಸಲು ಬೆಂಕಿ ಬೇಕು, ಆ ಕಟ್ಟಿಗೆಯೂ ಕಾಡಿನದ್ದೇ. ತಮಾಷೆ ಅಂದರೆ, 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಈ ಆಮ್ಲ ತಿಂದವರಿಗೂ ಸುಮ್ಮನೆ ಖಾಲಿ ಮಾತ್ರೆ ನುಂಗಿದವರಿಗೂ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಬೆಟ್ಟದ ಟೊಂಗೆ ಮಾತ್ರ ಹೋಗಿದ್ದು ಹೋಯಿತು.

ಇನ್ನು ಕೆಲಸದ ವಿಷಯ. ಉಪ್ಪಾಗೆ ಹೂ ಬಿಡುವುದು ಚಳಿ ಮುಗಿಯುವ ಹೊತ್ತಿಗೆ, ಹಣ್ಣು ಜೂನ್‌ನಿಂದ ಆಗಸ್ಟ್‌ವರೆಗೆ. ಬೀಜಕ್ಕೆ ಅಂತ ಹಣ್ಣು ಆರಿಸುವಾಗ ಮರದಿಂದ ಕೊಯ್ಯಲಿಲ್ಲ. ತಾನಾಗಿ ಬಿದ್ದ ಹಳದಿ ಹಣ್ಣನ್ನೇ ಹೆಕ್ಕಿದೆ. ಬಿದ್ದ ಹಣ್ಣು ಹೆಕ್ಕಲು ಬೆಳಗಾಗುವ ಮೊದಲೇ ಹೋಗಬೇಕು, ಇಲ್ಲದಿದ್ದರೆ ಮಂಗಗಳು, ಮುಳ್ಳುಹಂದಿ, ಪುನುಗುಬೆಕ್ಕು ಇವುಗಳ ಪಾಲು ಹೋಗಿ ಉಳಿದದ್ದು ನಮಗೆ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಉಪ್ಪಾಗೆ ಮುಖ್ಯ ಆಹಾರ. 2011ರಲ್ಲಿ ಆ ಕಾಡನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಅವು ಸಿಪ್ಪೆ ಒಡೆದು ಒಳಗಿನ ತಿರುಳು ತಿನ್ನುತ್ತವೆ. ತಿರುಳು ಬಲು ರುಚಿ, ಹುಳಿ-ಸಿಹಿ. ಚಿಕ್ಕವರಿದ್ದಾಗ ನಾವೂ ತಿಂದವರೇ.

ಯಾವ ಮರದ ಹಣ್ಣು ಅನ್ನೋದನ್ನು ನೋಡಿಕೊಂಡೆ. ಹಣ್ಣು ದೊಡ್ಡದಿರಬೇಕು, ಸಿಪ್ಪೆ ದಪ್ಪ ಇರಬೇಕು, ವರ್ಷ ಬಿಟ್ಟು ವರ್ಷ ಅನ್ನದೆ ಸಾಧಾರಣವಾಗಿ ಪ್ರತಿ ವರ್ಷ ಕಾಯಿ ಹಿಡಿಯುವ ಮರ ಆಗಿರಬೇಕು. ಬೆಟ್ಟಕ್ಕೆ ಹಾಕುವ ಗಿಡಗಳಿಗೆ ಮಾತ್ರ ಒಂದೇ ಮರದ ಬೀಜ ಬೇಡ ಅಂತ ಬೇರೆ ಬೇರೆ ಮರದ ಹಣ್ಣು ಸೇರಿಸಿದೆ. ಕಾಡು ಅಂದಮೇಲೆ ಎಲ್ಲವೂ ಒಂದೇ ತಾಯಿಯ ಮಕ್ಕಳಾಗುವುದು ಒಳ್ಳೆಯದಲ್ಲ.

ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ 6ರಿಂದ 8 ಬೀಜ. ತಿರುಳು ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮರಳು ಸೇರಿಸಿ ಬುಟ್ಟಿಯಲ್ಲಿ ತಿಕ್ಕಿ ತೊಳೆದರೆ ಬಿಡುತ್ತದೆ. ಆಮೇಲೆ ನೆರಳಲ್ಲಿ, ಚೀಲದ ಮೇಲೆ ಒಂದು ದಿನ ಆರಲು ಬಿಟ್ಟರೆ ಸಾಕು. ಬಿಸಿಲಿಗೆ ಹಾಕಲೇಬಾರದು. ಭತ್ತ, ಹೆಸರು ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಮಳೆಕಾಡಿನ ಬಹಳಷ್ಟು ಮರಗಳ ಬೀಜ ಹೀಗೇ. ಒಣಗಿತೋ, ಒಳಗಿನ ಜೀವ ಹೋಯಿತು. ಧೂಪದ ಮರದ ಬೀಜವಂತೂ ಇನ್ನೂ ನಾಜೂಕು, ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಕಾಡಿನಲ್ಲಿ ಇವು ಬೀಳುವುದೇ ಮಳೆ ಹಿಡಿದಾಗ. ಒಣಗಿಕೊಂಡು ಕಾಯುವ ಪ್ರಸಂಗವೇ ಅವಕ್ಕೆ ಬರುವುದಿಲ್ಲ.

ಹಾಗಂತ ಉಪ್ಪಾಗೆ ಬೇಗ ಮೊಳೆಯುತ್ತದೆ ಅಂತ ತಿಳಿಯಬೇಡಿ. ಎಲ್ಲರೂ ಕೈಬಿಡುವುದು ಇಲ್ಲೇ. ಬೀಜವನ್ನು ಹಾಗೇ ಮಡಿಗೆ ಹಾಕಿದರೆ ಮೊಳಕೆ ಬರಲು 5-6 ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅಷ್ಟರಲ್ಲಿ ಮಳೆಗಾಲ ಮುಗಿದು, ನೀರು ಹಾಕುವವರಿಗೆ ಬೇಸರ ಬಂದು, ಮಡಿಯಲ್ಲಿ ಕಳೆ ಎದ್ದು, ಇಲಿ ಬಂದು... ಊರಲ್ಲಿ ಕೇಳಿದರೆ “ಉಪ್ಪಾಗೆ ಬೀಜ ಹುಟ್ಟೋದಿಲ್ಲ, ಕಾಡಿನಲ್ಲಿ ಹುಟ್ಟಿದ ಗಿಡ ಕಿತ್ತು ತಂದು ನೆಡಬೇಕು” ಅನ್ನುವವರೇ ಎಲ್ಲ. ಬೀಜ ಕೆಟ್ಟದ್ದಲ್ಲ. ಅಡ್ಡಿ ಮಾಡುವುದು ಬೀಜದ ಹೊರಗಿನ ಕವಚ. ಅದನ್ನು ಸುಲಿದು ಹಾಕಿದರೆ ಮೂರು-ನಾಲ್ಕು ವಾರದಲ್ಲೇ ಮೊಳಕೆ ಕಾಣುತ್ತದೆ.

ಈ ಸುಲಿಯುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಕೆಲಸದ ಗುಟ್ಟು ಇರುವುದು ಇಲ್ಲಿ. ತೊಳೆದ ಬೀಜ ಕಂದು ಬಣ್ಣ, ಚಪ್ಪಟೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಒಂದು ರಾತ್ರಿ ನೀರಲ್ಲಿ ನೆನೆಹಾಕಿದರೆ ಕವಚ ಮೆತ್ತಗಾಗುತ್ತದೆ. ಚಿಕ್ಕ ಚಾಕುವಿನ ತುದಿಯನ್ನು ಬೀಜದ ಅಂಚಿಗೆ ಮೆಲ್ಲಗೆ ಕೊಟ್ಟು, ಸೀಳು ಬಿದ್ದಮೇಲೆ ಉಗುರಿನಿಂದಲೇ ಎಬ್ಬಿಸಬೇಕು. ಒಳಗೆ ಕೆನೆ ಬಣ್ಣದ ಗಟ್ಟಿ ತಿರುಳು. ಚಾಕು ಅದಕ್ಕೆ ತಾಗಿದರೆ ಹಳದಿ ಅಂಟು ಕಾಣಿಸುತ್ತದೆ. ಗಾಯವಾದ ಬೀಜ ಮಣ್ಣಲ್ಲಿ ಬೂಸ್ಟು ಹಿಡಿಯುವುದು ಹೆಚ್ಚು, ಅದಕ್ಕೇ ಅವನ್ನು ಬೇರೆ ಇಟ್ಟೆವು. ಆಯಿಗೆ, ಅಂದರೆ ನಮ್ಮಮ್ಮನಿಗೆ, ಹಲಸಿನ ಬೇಳೆ ಸುಲಿದು ರೂಢಿಯಾದ ಕೈ. ನಾನು ಒಂದು ಬೀಜ ಮುಗಿಸುವುದರೊಳಗೆ ಅವಳದ್ದು ನಾಲ್ಕು ಆಗುತ್ತಿತ್ತು. “ಚಾಕು ಆಚೆ ಇಡು, ಉಗುರಲ್ಲಿ ಮಾಡು” ಅಂತ ಬೈಸಿಕೊಂಡಿದ್ದೂ ಆಯಿತು. ಬೆರಳ ತುದಿ ಹಳದಿಯಾಗಿದ್ದು ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ.

ಹೋಲಿಸಿ ನೋಡೋಣ ಅಂತ ಒಂದು ಮಡಿಗೆ ಕವಚ ಸಮೇತ, ಇನ್ನೊಂದಕ್ಕೆ ಸುಲಿದದ್ದು ಹಾಕಿದೆ. ಎರಡೂ ಮರಳಿನ ಮಡಿಯೇ, ಮೇಲೆ ತೆಳುವಾಗಿ ಮರಳು, ಅದರ ಮೇಲೆ ಅಡಕೆ ಸೋಗೆಯ ಚಪ್ಪರ. ಸುಲಿದ ಮಡಿ ಆಗಸ್ಟ್ ಹೊತ್ತಿಗೆ ಎದ್ದು ನಿಂತಿತ್ತು. ಇನ್ನೊಂದು ಮಡಿಯಲ್ಲಿ ದೀಪಾವಳಿ ಕಳೆದರೂ ಮರಳೇ. ಸಂಕ್ರಾಂತಿ ಆಸುಪಾಸು ಒಂದೊಂದಾಗಿ ತಲೆ ಎತ್ತಿದವು, ಅದೂ ಇವತ್ತೊಂದು, ಹದಿನೈದು ದಿನ ಬಿಟ್ಟು ಮತ್ತೊಂದು. ಕಾಡಿಗೆ ಇದು ಅನುಕೂಲವೇ ಇರಬಹುದು, ಎಲ್ಲ ಒಂದೇ ಸಲ ಹುಟ್ಟಿ ಒಂದೇ ಸಲ ಸಾಯುವ ಭಯ ಇಲ್ಲ. ನರ್ಸರಿ ಮಾಡುವವನಿಗೆ ಮಾತ್ರ ತಲೆಬಿಸಿ.

ಮೊಳೆಯುವ ರೀತಿಯೂ ವಿಚಿತ್ರ. ಅವರೆಯ ಹಾಗೆ ಎರಡು ಬೇಳೆ ಬಿಚ್ಚಿಕೊಂಡು ಮೇಲೆ ಬರುವುದಿಲ್ಲ. ಬೀಜದ ಒಂದು ತುದಿಯಿಂದ ಬೇರು, ಅದರ ಎದುರು ತುದಿಯಿಂದ ಕುಡಿ. ಬೀಜ ನಡುವೆ ಮಣ್ಣಲ್ಲೇ ಉಳಿಯುತ್ತದೆ. ಸ್ವಲ್ಪ ದಿನ ಕಳೆದು ಕಿತ್ತು ನೋಡಿದರೆ ಕುಡಿಯ ಬುಡದಲ್ಲಿ ಹೊಸದೊಂದು ಬೇರು ಇಳಿದಿರುತ್ತದೆ. ಮುಂದೆ ಗಿಡವನ್ನು ಸಾಕುವುದು ಈ ಎರಡನೆಯ ಬೇರೇ, ಮೊದಲಿನದು ಸೊರಗುತ್ತದೆ. ಹಾಗಾಗಿ ಮೊಳಕೆಯನ್ನು ಕೊಟ್ಟೆಗೆ, ಅಂದರೆ ಮಣ್ಣು ತುಂಬಿದ ನರ್ಸರಿ ಚೀಲಕ್ಕೆ, ಸಾಗಿಸುವಾಗ ಬೀಜ ಕಳಚದಂತೆ ನೋಡಿಕೊಳ್ಳಬೇಕು. ಒಣಗಿದ ಬೀಜ ಅಂಟಿಕೊಂಡಿದೆ ಅಂತ ಕಿತ್ತು ಎಸೆಯುವವರಿದ್ದಾರೆ. ಗಿಡ ಇನ್ನೂ ಅದರೊಳಗಿನ ಆಹಾರವನ್ನೇ ತಿನ್ನುತ್ತಿರುತ್ತದೆ.

ಕೊಟ್ಟೆಗೆ ಕಾಡಿನ ಮೇಲ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿದೆ. ಕೊಟ್ಟೆ ಉದ್ದದ್ದೇ ಬೇಕು, ಬೇರು ಕೆಳಮುಖವಾಗಿ ಹೋಗುವ ಜಾತಿ ಇದು. ನೆರಳು ಬೇಕೇ ಬೇಕು. ನೇರ ಬಿಸಿಲಿಗೆ ಇಟ್ಟ ಎಳೆ ಗಿಡದ ಎಲೆ ಸುಟ್ಟು ಬಿಳಿಚುತ್ತದೆ. ಹಾಗಂತ ಮಳೆಗಾಲದಲ್ಲಿ ಚಪ್ಪರ ತೀರಾ ದಟ್ಟ ಇದ್ದರೆ ಗಾಳಿ ಆಡದೆ ಎಲೆಗೆ ಎಲೆ ಅಂಟಿ ಕೊಳೆಯುತ್ತದೆ. ಅದಕ್ಕೆ ಕೊಟ್ಟೆಗಳನ್ನು ದೂರ ದೂರ ಸರಿಸಿದೆ, ಕೊಳೆತ ಎಲೆ ಚಿವುಟಿ ಆಚೆ ಹಾಕಿದೆ. ಬೇರೆ ಏನೂ ಮಾಡಲಿಲ್ಲ.

ಇನ್ನು ಬೆಳವಣಿಗೆ. ಮೊದಲ ವರ್ಷ ಉಪ್ಪಾಗೆ ಗಿಡ ನೋಡಲು ಹೋಗಲೇಬಾರದು. ಇವತ್ತು ಇದ್ದಷ್ಟೇ ಬರುವ ತಿಂಗಳೂ ಇರುತ್ತದೆ. ಎರಡು ಎಲೆ, ಆಮೇಲೆ ಇನ್ನೆರಡು. ಅಕೇಶಿಯಾ, ಗಾಳಿಮರ ನೆಟ್ಟು ರೂಢಿಯಾದವರಿಗೆ ಇದು ಸತ್ತೇ ಹೋಗಿದೆಯೇನೋ ಅನ್ನಿಸುತ್ತದೆ. ಮಳೆಕಾಡಿನ ನೆರಳಲ್ಲಿ ಹುಟ್ಟುವ ಗಿಡಕ್ಕೆ ಅವಸರವಿಲ್ಲ. ಮೇಲಿನ ಮರ ಬಿದ್ದು ಬೆಳಕು ಬರುವವರೆಗೆ ಹಾಗೇ ಕೂತಿರುವುದು ಅದಕ್ಕೆ ಗೊತ್ತು.

ಗಿಡ ಎಬ್ಬಿಸುವುದರ ನಡುವೆಯೇ ಇನ್ನೊಂದು ಪ್ರಶ್ನೆ ಎದುರಾಯಿತು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅಪರೂಪಕ್ಕೆ ಎರಡೂ ಥರದ ಹೂ ಬಿಡುವ ಮರವೂ ಇರುತ್ತದೆ. ಬೀಜದಿಂದ ಎದ್ದ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಗಿಡ ನೋಡಿ ಗಂಡೋ ಹೆಣ್ಣೋ ಹೇಳಲು ಬರುವುದಿಲ್ಲ. ಹೂ ಬಿಡಲು 10-12 ವರ್ಷ ಕಾಯಬೇಕು. ಅಷ್ಟು ವರ್ಷ ಗೊಬ್ಬರ ಹಾಕಿ, ಬೇಲಿ ಕಟ್ಟಿ, ಕೊನೆಗೆ ಅದು ಗಂಡಾದರೆ? ಬೆಟ್ಟದಲ್ಲಾದರೆ ಏನೂ ತೊಂದರೆಯಿಲ್ಲ. ಅಲ್ಲಿ ಗಂಡೂ ಬೇಕು, ಹೆಣ್ಣೂ ಬೇಕು. ಅದೂ ಅಲ್ಲದೆ ಸೊಪ್ಪಿನ ಬೆಟ್ಟದ ಜಾಗ ಸರ್ಕಾರದ್ದು, ಸೊಪ್ಪು ಮತ್ತು ದರಕಿನ (ಒಣಗಿ ಉದುರಿದ ಎಲೆ) ಹಕ್ಕು ಮಾತ್ರ ನಮ್ಮದು. ಅಲ್ಲಿ ನೆಡುವುದು ಕಾಡಿಗಾಗಿಯೇ. ತೋಟದ ಅಂಚಿನ ಮಾತು ಬೇರೆ. ಅಲ್ಲಿ ಜಾಗ ಕಡಿಮೆ, ಕಾಯಿ ಬೇಕು. ಹಾಗಾಗಿ ಬೆಟ್ಟಕ್ಕೆ ಬೀಜದ ಗಿಡ, ತೋಟಕ್ಕೆ ಕಸಿ ಗಿಡ ಅಂತ ತೀರ್ಮಾನ ಮಾಡಿದೆ. ನನ್ನನ್ನು ಕೇಳಿದರೆ ಉಪ್ಪಾಗೆ ಬೆಳೆಸುವವರು ಮೊದಲ ದಿನವೇ ಮಾಡಿಕೊಳ್ಳಬೇಕಾದ ತೀರ್ಮಾನ ಇದು. ಕಾಡು ಬೇಕೋ, ಕಾಯಿ ಬೇಕೋ? ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಸಿ ಕಟ್ಟಬೇಕಾದರೆ ಹೆಣ್ಣು ಮರ ಯಾವುದು ಅಂತ ಖಚಿತವಾಗಿ ಗೊತ್ತಿರಬೇಕು. ಕಾಯಿ ಬಿಟ್ಟಾಗ ನೋಡಿ ಗುರುತು ಹಾಕುವುದು ಸುಲಭ. ಆದರೆ ಗಂಡು ಮರದ ಗುರುತೂ ಬೇಕಿತ್ತು, ಅದಕ್ಕೆ ಹೂವಿನ ಕಾಲದಲ್ಲೇ ಬೆಟ್ಟ ಸುತ್ತಿದೆ. ಹೂ ಚಿಕ್ಕದು, ಮಾಸಲು ಹಳದಿ, ಎಲೆಯ ಕಂಕುಳಲ್ಲಿ ಕೂತಿರುತ್ತದೆ. ಗಂಡು ಮರದಲ್ಲಿ ಹೂ ಗೊಂಚಲು ಗೊಂಚಲಾಗಿ ಬರುತ್ತದೆ. ಒಂದನ್ನು ಬಿಡಿಸಿದರೆ ನಾಲ್ಕು ದಪ್ಪ ಎಸಳು, ನಡುವೆ ಕೇಸರಗಳೆಲ್ಲ ಸೇರಿ ಆದ ಒಂದು ಗುಪ್ಪೆ, ಬೆರಳಿಗೆ ತಾಗಿದರೆ ಪುಡಿ ಅಂಟುತ್ತದೆ. ಹೆಣ್ಣು ಹೂವಿನ ಸಂಖ್ಯೆ ಕಡಿಮೆ. ಎಸಳು ಬಿಡಿಸಿದರೆ ನಡುವೆ ದುಂಡಗೆ ಹಸಿರು ಕಾಯಿಯೇ ಕೂತಿರುತ್ತದೆ, ಅದರ ನೆತ್ತಿಯಲ್ಲಿ ಸೀಳುಸೀಳಾದ ಸಣ್ಣ ಟೋಪಿ. ಗೆರೆಗಳು ಆಗಲೇ ಮಸುಕಾಗಿ ಕಾಣುತ್ತವೆ. ಒಮ್ಮೆ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಹೂವಿನ ಸುತ್ತ ಮಿಸರಿ ಜೇನು ಓಡಾಡುತ್ತಿತ್ತು. ಹೆಣ್ಣು ಮರಕ್ಕೆ ಸುಣ್ಣದ ಬಿಳಿ ಪಟ್ಟಿ, ಗಂಡಿಗೆ ಕೆಮ್ಮಣ್ಣಿನ ಪಟ್ಟಿ ಬಳಿದೆ. ಸುಣ್ಣ ಮಳೆಗೆ ತೊಳೆದುಹೋಗುವುದರೊಳಗೆ ಕಸಿ ಕಡ್ಡಿ ತೆಗೆಯುವ ಹೊತ್ತು ಬಂದಿತ್ತು.

ಕಸಿ ಕಟ್ಟಲು ನನಗೆ ಹೇಳಿಕೊಟ್ಟವರು ನಮ್ಮೂರಿನ ಒಬ್ಬ ಹಿರಿಯರು. ಅಪ್ಪೆ ಮಾವಿನ ಮಿಡಿಗೆ ಹೆಸರಾದ ಮರಗಳನ್ನೆಲ್ಲ ಕಸಿ ಮಾಡಿ ಊರಿಗೆ ಹಂಚಿದವರು. ನಾನು ಕೈಗೆ ಸಿಕ್ಕ ಟೊಂಗೆಯ ಕಡ್ಡಿಯತ್ತ ಕತ್ತರಿ ತೆಗೆದುಕೊಂಡು ಹೋಗುವಾಗಲೇ ತಡೆದರು. “ತಮಾ, ಅದು ಬೇಡ. ಮೇಲ್ಮುಖ ಹೋದ ಕಡ್ಡಿ ಹುಡುಕು. ಅಡ್ಡ ಟೊಂಗೆಯ ಕಡ್ಡಿ ಕಟ್ಟಿದರೆ ಗಿಡವೂ ಜೀವಮಾನ ಅಡ್ಡವೇ ಹೋಗ್ತದೆ.” ಅವರ ಅಂಗಳದ ಮೂಲೆಯಲ್ಲಿ ಅಂಥದ್ದೊಂದು ಗಿಡ ಇತ್ತು. ವಯಸ್ಸಾಗಿದೆ, ಕಾಯಿಯೂ ಬಿಡುತ್ತದೆ, ಆದರೆ ಎತ್ತರ ನನ್ನ ಸೊಂಟದವರೆಗೆ ಬಂದು ಅಲ್ಲಿಂದ ನಾಲ್ಕೂ ಕಡೆ ನೆಲದ ಮೇಲೆ ಹರಡಿಕೊಂಡಿತ್ತು. ಉಪ್ಪಾಗೆಯ ಸ್ವಭಾವವೇ ಹಾಗೆ. ನಡುಕಾಂಡದಿಂದ ನೇರ ಮೇಲಕ್ಕೆ ಹೋಗುವ ಚಿಗುರು ಬೇರೆ, ಪಕ್ಕಕ್ಕೆ ಚಾಚುವ ಚಿಗುರು ಬೇರೆ. ಪಕ್ಕದ ಚಿಗುರಿಗೆ ನೇರ ನಿಲ್ಲುವುದು ಗೊತ್ತೇ ಇಲ್ಲ.

ಮೇಲ್ಮುಖದ ಕಡ್ಡಿ ಸಿಗುವುದು ಸುಲಭವಿಲ್ಲ. ದೊಡ್ಡ ಮರದಲ್ಲಿ ಅದು ಇರುವುದು ನೆತ್ತಿಯಲ್ಲಿ, ಅಥವಾ ಹಿಂದೆ ಕಡಿದ ಟೊಂಗೆಯ ಬುಡದಲ್ಲಿ ಎದ್ದ ಹೊಸ ಚಿಗುರಲ್ಲಿ. ನಮ್ಮ ಬೆಟ್ಟದ ಕೈಕಾಲು ಕಡಿಸಿಕೊಂಡ ಮರಗಳಲ್ಲಿ ಈ ಎರಡನೆಯದು ಸಿಕ್ಕಿತು. ಕಡಿದವರಿಂದ ಆದ ಉಪಕಾರ ಅಂದರೆ ಅದೊಂದೇ.

ಬೇರುಸಸಿ, ಅಂದರೆ ಕಸಿ ಕಡ್ಡಿ ಕೂರಿಸುವ ಬುಡದ ಗಿಡ, ಅಂತ ನಮ್ಮ ಬೀಜದ ಗಿಡಗಳನ್ನೇ ಬಳಸಿದೆ. ಒಂದು ವರ್ಷ ದಾಟಿ ಪೆನ್ಸಿಲ್ ದಪ್ಪ ಬಂದವು ಸರಿಯಾಗುತ್ತವೆ. ಕಟ್ಟುವುದು ಮಳೆಗಾಲದಲ್ಲಿ, ಚಪ್ಪರದ ಅಡಿ. ಕಡ್ಡಿ ಒಂದು ಗೇಣಿಗಿಂತ ಚಿಕ್ಕದು, ತುದಿಯ ಮೊಗ್ಗು ಇರಬೇಕು. ಎಲೆಗಳನ್ನು ಅರ್ಧಕ್ಕೆ ಕತ್ತರಿಸಬೇಕು. ಬೇರುಸಸಿಯ ತಲೆ ಹಾರಿಸಿ ನಡುವೆ ಸೀಳಿ, ಕಡ್ಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆ ಮಾಡಿ ಒಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುವುದು. ಕೆಲಸ ಇಷ್ಟೇ. ಆದರೆ ಕತ್ತರಿಸಿದ ಕೂಡಲೇ ಹಳದಿ ಅಂಟು ಒಸರುತ್ತದೆ. ಅದು ಒಣಗುವ ಮೊದಲೇ ಎರಡನ್ನೂ ಕೂಡಿಸಬೇಕು. ಹಿರಿಯರು ಪ್ರತಿ ಸಲ ಚಾಕುವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು, ಒಂದೇ ಎಳೆತಕ್ಕೆ ಹೆರೆಯುತ್ತಿದ್ದರು. ಎರಡು ಸಲ ಹೆರೆದ ಕಡ್ಡಿಯನ್ನು ಎಸೆದುಬಿಡುತ್ತಿದ್ದರು. ಬೆಣೆಯ ಮೈ ಏರುತಗ್ಗಾದರೆ ಸೀಳಿನೊಳಗೆ ಗಾಳಿ ಉಳಿಯುತ್ತದೆ, ಅಲ್ಲಿಗೆ ಕತೆ ಮುಗಿಯಿತು.

ಕಟ್ಟಿದ ಮೇಲೆ ಮಂಜುಗಡ್ಡೆ ಕ್ಯಾಂಡಿ ತುಂಬುವ ಉದ್ದದ ಪ್ಲಾಸ್ಟಿಕ್ ಕವರನ್ನು ಟೊಪ್ಪಿಯ ಹಾಗೆ ಹಾಕಿ ಬುಡಕ್ಕೆ ಕಟ್ಟಿದೆವು. ಒಳಗೆ ತೇವ ನಿಲ್ಲಬೇಕು, ಮಳೆನೀರು ಹೋಗಬಾರದು. ಒಂದು ತಿಂಗಳ ಹೊತ್ತಿಗೆ ತುದಿಯ ಮೊಗ್ಗು ಬಿಚ್ಚಿ ತಿಳಿ ಹಸಿರು ಎಲೆ ಎರಡು ಕವರಿಗೆ ಒತ್ತಿಕೊಂಡು ನಿಂತವು. ಆಗ ಕವರು ತೆಗೆಯಬೇಕು, ಸಂಜೆ ಹೊತ್ತಲ್ಲಿ. ಸುತ್ತಿದ ಪಟ್ಟಿ ಮಾತ್ರ ಇನ್ನೂ ಎರಡು-ಮೂರು ತಿಂಗಳು ಇರಲಿ. ಆಮೇಲೆ ಮರೆಯದೆ ಬಿಚ್ಚಬೇಕು, ಕಾಂಡ ದಪ್ಪಗಾಗುತ್ತ ಪಟ್ಟಿ ಒಳಗೆ ಕಚ್ಚುತ್ತದೆ. ಕಟ್ಟಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಡಿಯಿತು. ಮಾವಿಗೆ ಹೋಲಿಸಿದರೆ ಕಡಿಮೆಯೇ, ಆದರೆ ಉಪ್ಪಾಗೆಗೆ ಇದು ಚೆನ್ನಾಗಿಯೇ ಆಯಿತು ಅಂತ ಹಿರಿಯರು ಅಂದರು. ಸ್ವಂತ ಕಟ್ಟುವ ಉಸಾಬರಿ ಬೇಡ ಅನ್ನುವವರಿಗೆ ಈಗ ನರ್ಸರಿಗಳಲ್ಲಿ ಕಸಿ ಗಿಡ ಸಿಗುತ್ತದೆ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಕುಮರಕಂ ಕೇಂದ್ರದಿಂದ ಅಮೃತಂ, ಹರಿತಂ ಅನ್ನುವ ಎರಡು ತಳಿಗಳನ್ನೂ ಬಿಡುಗಡೆ ಮಾಡಿದ್ದಾರೆ. ಕೊಳ್ಳುವಾಗ ಒಂದು ವಿಷಯ ನೋಡಿ. ಕಸಿಯ ಗಂಟಿನ ಮೇಲೆ ಗಿಡ ನೇರ ನಿಂತಿದೆಯಾ, ಇಲ್ಲಾ ಈಗಲೇ ಒಂದು ಪಕ್ಕಕ್ಕೆ ವಾಲಿದೆಯಾ? ವಾಲಿದ್ದನ್ನು ಕೋಲು ಕಟ್ಟಿ ಸರಿ ಮಾಡುತ್ತೇನೆ ಅಂದುಕೊಳ್ಳಬೇಡಿ.

ನೆಟ್ಟಿದ್ದು ಮಳೆ ಹಿಡಿದ ಮೇಲೆ. ತೋಟದ ಅಂಚಿಗೆ ಕಸಿ ಗಿಡಗಳನ್ನು 4 ಮೀಟರ್ ಅಂತರಕ್ಕೆ ಹಾಕಿದೆ. ಬೀಜದ ಗಿಡಕ್ಕಾದರೆ 7 ಮೀಟರ್ ಬೇಕು, ಅದು ಮರವಾಗುವ ಗಿಡ. ಗುಂಡಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿದೆ. ಬೆಟ್ಟದಲ್ಲಿ ಗುಂಡಿ ತೆಗೆಯುವ ಗೊಡವೆಗೆ ಹೋಗಲಿಲ್ಲ. ಹಳ್ಳದ ಆಚೀಚೆ, ಮತ್ತಿ, ಹೊನ್ನೆಗಳ ನೆರಳು ಇರುವ ಕಡೆ, ಹಾರೆಯಿಂದ ಕೊಟ್ಟೆಯಷ್ಟೇ ಜಾಗ ಮಾಡಿ ಇಟ್ಟೆ. ಸುತ್ತಲಿನ ಪೊದೆ ಸವರಲಿಲ್ಲ. ಊರ ದನ ಬಂದರೆ ಮೊದಲು ಬಾಯಿ ಹಾಕುವುದು ಬಟಾಬಯಲಲ್ಲಿ ಒಂಟಿ ನಿಂತ ಗಿಡಕ್ಕೆ. ಪೊದೆಯೊಳಗಿನದು ಕಣ್ಣಿಗೆ ಬೀಳುವುದಿಲ್ಲ. ಕಾಡುಕೋಣ ನಡೆದುಹೋಗುವ ದಾರಿಯಲ್ಲಿ ನೆಟ್ಟವು ತಿನ್ನಿಸಿಕೊಂಡಿಲ್ಲ, ತುಳಿಸಿಕೊಂಡವು.

ಬೇಸಿಗೆಯೇ ನಿಜವಾದ ಪರೀಕ್ಷೆ. ನಮ್ಮಲ್ಲಿ ಮಳೆ ಎಷ್ಟು ಸುರಿದರೂ ಜನವರಿಯಿಂದ ಮೇ ವರೆಗೆ ಹನಿಯಿಲ್ಲ. ತೋಟದ ಗಿಡಕ್ಕೆ ಅಡಕೆಗೆ ಬಿಡುವ ನೀರೇ ಸಿಕ್ಕಿತು. ಬೆಟ್ಟದವಕ್ಕೆ ದಪ್ಪಗೆ ದರಕು ಮುಚ್ಚಿ, ಮೇಲೆ ಅಡಕೆ ಹಾಳೆ ಹೊದೆಸಿ ಬಿಟ್ಟೆ. ಮೊದಲ ಎರಡು ಬೇಸಿಗೆಗೆ ಕೊಡದಲ್ಲಿ ನೀರು ಹೊತ್ತಿದ್ದೂ ಇದೆ. ಮೂರನೆಯದರಿಂದ ಅವುಗಳ ಪಾಡಿಗೆ ಅವು. ಹಳ್ಳದ ಬದಿಯವು ಚೆನ್ನಾಗಿ ಉಳಿದವು, ಮೇಲಿನ ಜಂಬಿಟ್ಟಿಗೆ ನೆಲದಲ್ಲಿ ಇಟ್ಟವು ಹೆಚ್ಚುಕಡಿಮೆ ಎಲ್ಲ ಹೋದವು.

ಕಸಿ ಗಿಡಗಳು ನಾಲ್ಕನೇ ವರ್ಷಕ್ಕೆ ಹೂ ತೋರಿಸಿದವು. ಆಳೆತ್ತರವೂ ಇಲ್ಲದ ಗಿಡದಲ್ಲಿ ಹಳದಿ ಹಣ್ಣು ನೋಡಲು ಊರವರು ಬಂದರು. ನೆಲದಲ್ಲಿ ನಿಂತೇ ಕೊಯ್ಯಬಹುದು, ಟೊಂಗೆ ಕಡಿಯುವ ಮಾತೇ ಇಲ್ಲ. ಕಾಯಿ ಹಸಿರಿದ್ದಾಗ ಕೊಯ್ಯುವುದನ್ನು ನಾವು ಪೂರ್ತಿ ಬಿಟ್ಟಿದ್ದೇವೆ. ಹಣ್ಣಾದ ಮೇಲೆ ಕೊಯ್ದರೆ ಸಿಪ್ಪೆಯೂ ದಪ್ಪ, ಬೀಜವೂ ಸಿಗುತ್ತದೆ.

ಒಣಗಿಸುವುದು ಮಾತ್ರ ಇನ್ನೂ ರಗಳೆ. ಹಣ್ಣು ಬರುವುದೇ ಜಡಿಮಳೆಯಲ್ಲಿ. ಸಿಪ್ಪೆ ಬಿಡಿಸಿ ಒಂದು ದಿನ ಹಾಗೇ ಇಟ್ಟರೆ ಲೋಳೆ ಬರುತ್ತದೆ. ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಹರಡಿ, ಕೆಳಗೆ ಸಣ್ಣ ಬೆಂಕಿ. ಅಡಕೆ ಸಿಪ್ಪೆ, ತೆಂಗಿನ ಗರಟೆ ಇದ್ದರೆ ಕಾಡಿನ ಕಟ್ಟಿಗೆ ಬೇಕಾಗುವುದಿಲ್ಲ. ಆಗಾಗ ತಿರುವಿ ಹಾಕುತ್ತಿರಬೇಕು. ಸಿಪ್ಪೆ ಮೊದಲು ಕಂದು, ಆಮೇಲೆ ಕಪ್ಪು. ಬೆರಳಲ್ಲಿ ಬಗ್ಗಿಸಿದರೆ ಬಗ್ಗಬೇಕು, ಒದ್ದೆ ಹತ್ತಬಾರದು. ಬೆಂಕಿ ಜೋರಾದರೆ ಹೊರಗೆ ಕರಿ, ಒಳಗೆ ಹಸಿ, ಅಂಥದ್ದು ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ್ದಕ್ಕೆ ಸ್ವಲ್ಪ ಉಪ್ಪು ತಿಕ್ಕಿ ಭರಣಿಯಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಇರುತ್ತದೆ.

ಬಿತ್ತಲು ಬೇಡದ ಬೀಜ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಒಣಗಿದ ಮೇಲೆ ಸಿಪ್ಪೆ ತೆಗೆದು, ಕುಟ್ಟಿ ಪುಡಿ ಮಾಡಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಇದೇ ಉಪ್ಪಾಗೆ ತುಪ್ಪ. ಹಿಂದೆ ಹಾಲು-ಬೆಣ್ಣೆ ಕಡಿಮೆ ಇದ್ದ ಮನೆಗಳಲ್ಲಿ ದೋಸೆಗೆ ಇದೇ ತುಪ್ಪ. ಆಯಿ ಈಗಲೂ ತೆಳ್ಳೇವು ಎರೆಯುವಾಗ ಕಾವಲಿಗೆ ಇದನ್ನೇ ಸವರುತ್ತಾಳೆ. ಮೊದಲ ಸಲ ತಿನ್ನುವವರಿಗೆ ಅದರ ವಾಸನೆ ಹಿಡಿಸುವುದು ಕಷ್ಟ, ನನಗಂತೂ ಇಷ್ಟ.

ಈಗ ಪ್ರತಿ ಮಳೆಗಾಲಕ್ಕೂ ಒಂದು ಮಡಿ ಬೀಜ ಹಾಕುತ್ತೇನೆ, ಕೇಳಿದವರಿಗೆ ಗಿಡ ಕೊಡುತ್ತೇನೆ. ಬರುವವರೆಲ್ಲರಿಗೂ ಬೇಕಾದ್ದು ಹೆಣ್ಣು ಮರದ ಕಸಿ ಗಿಡವೇ. ಸುತ್ತಮುತ್ತ ಕಾಡಿಲ್ಲದ, ಬಯಲು ತೋಟದವರಿಗೆ ಒಂದು ಗಂಡು ಕಸಿಯನ್ನೂ ಸೇರಿಸಿ ಕೊಡುತ್ತೇನೆ, ಇಲ್ಲದಿದ್ದರೆ ಹೂ ಬಂದರೂ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಅದನ್ನು ಒಪ್ಪಿಸುವುದೇ ದೊಡ್ಡ ಕೆಲಸ. “ಕಾಯಿ ಬಿಡದ ಗಿಡಕ್ಕೆ ದುಡ್ಡು ಕೊಡೋದಾ?” ಅಂತ ಮೊನ್ನೆ ಒಬ್ಬರು ಚೌಕಾಶಿಗೆ ನಿಂತರು. ಗಂಡು ಗಿಡ ಪುಕ್ಕಟೆ, ಆದರೆ ಅದನ್ನು ಬಿಟ್ಟು ಉಳಿದವನ್ನು ಒಯ್ಯುವಂತಿಲ್ಲ ಅಂದೆ. ಗೊಣಗುತ್ತಲೇ ಜೀಪಿಗೆ ಹಾಕಿಕೊಂಡರು.